ಪಡಿ, ಭತ್ತೆ, ಬಾಡಿಗೆ: ತುಟ್ಟಿಯ ಕಾಲದಲ್ಲಿ ಮುಂಬಯಿಯ ಸಂಸಾರಗಳಿಗೆ ದೊರೆತ ಆಸರೆ

ರಾಜ್ಯೋತ್ಸವದ ಸಂಚಿಕೆಯಲ್ಲಿ ಕದಂಬರಿಂದ ಮೊದಲುಗೊಂಡು ಏಕೀಕರಣದವರೆಗಿನ ನಾಡಿನ ಚರಿತ್ರೆಯನ್ನು ನೆನೆಯುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಅದು ಯೋಗ್ಯವಾದುದೇ. ಆದರೆ ಹೊಟ್ಟೆಪಾಡಿಗಾಗಿ ಊರು ಬಿಟ್ಟು ಮುಂಬಯಿಗೆ ಬಂದ ನಮ್ಮಂಥವರ ಮನೆಗಳಿಗೂ ಒಂದು ಚರಿತ್ರೆಯುಂಟು. ಅದನ್ನು ಯಾರೂ ತಾಮ್ರಪಟದ ಮೇಲೆ ಕೊರೆಯಿಸಲಿಲ್ಲ. ಟ್ರಂಕಿನ ತಳದಲ್ಲಿ ಹಳೆಯ ಸೀರೆಯ ಕೆಳಗೆ ಮಡಚಿಟ್ಟ ರೇಶನ್ ಕಾರ್ಡು, ಗಿರಣಿಯ ಪಗಾರದ ಚೀಟಿ, ಖೋಲಿಯ ಬಾಡಿಗೆಯ ಪಾವತಿ ಇವೇ ಅದರ ಶಾಸನಗಳು. ಈ ಮೂರು ಕಾಗದಗಳನ್ನು ನಮ್ಮ ಹಿರಿಯರು ಏಕೆ ಅಷ್ಟು ಜೋಪಾನವಾಗಿ ಕಾಯ್ದರು, ಅವುಗಳ ಹಿಂದೆ ಯಾವ ಯಾವ ಸಂಕಟಗಳೂ ಹೋರಾಟಗಳೂ ಅಡಗಿವೆ ಎಂಬುದನ್ನು ಈ ಸಲ ವಾಚಕರೊಡನೆ ಕುಳಿತು ನೋಡಬಯಸುತ್ತೇವೆ.

ತುಟ್ಟಿ ಎಂಬ ಮಾತಿಗೆ ಮುಂಬಯಿಯ ಕನ್ನಡಿಗರಲ್ಲಿ ವಿವರಣೆ ಬೇಕಿಲ್ಲ. ಸಂಬಳ ಇದ್ದಷ್ಟೇ ಇದ್ದು ಅಕ್ಕಿ, ಬೇಳೆ, ಎಣ್ಣೆಗಳ ಬೆಲೆ ಮೇಲಕ್ಕೇರುವಾಗ ಮನೆಯ ಗೃಹಿಣಿ ಮೊದಲು ತನ್ನ ತಟ್ಟೆಯನ್ನು ಕಿರಿದು ಮಾಡಿಕೊಳ್ಳುತ್ತಾಳೆ, ಆಮೇಲೆ ಊರಿಗೆ ಕಳಿಸುವ ಮನಿಯಾರ್ಡರನ್ನು. ಹೀಗೆ ಮುಂಬಯಿಯಲ್ಲಿ ಬೆಲೆ ಏರಿದರೆ ಉಡುಪಿಯ ಕಡೆಯ ಹಳ್ಳಿಯಲ್ಲೋ ವಿಜಾಪುರದ ಕಡೆಯ ಹಳ್ಳಿಯಲ್ಲೋ ಒಂದು ಒಲೆ ಮಂದವಾಗುತ್ತಿತ್ತು. ಇಂಥ ಕಾಲದಲ್ಲಿ ಸರಕಾರವು ಸುಮ್ಮನೆ ಕೂತಿರಬೇಕೇ, ಕೈಹಿಡಿಯಬೇಕೇ, ಹಿಡಿದರೆ ಯಾರ ಕೈ ಹಿಡಿಯಬೇಕು ಎಂಬ ಪ್ರಶ್ನೆಗೆ ಈ ನಗರದಲ್ಲಿ ನೂರು ವರ್ಷಕ್ಕೂ ಮಿಕ್ಕಿದ ಇತಿಹಾಸವಿದೆ.

ಭತ್ತೆಯ ಹುಟ್ಟು

ಮೊದಲನೆಯ ಮಹಾಯುದ್ಧದ ಕಾಲಕ್ಕೆ ಹೋಗೋಣ. ಯುದ್ಧದಿಂದ ಬೆಲೆಗಳು ಏರುತ್ತಿದ್ದಂತೆ ಮುಂಬಯಿಯ ಬಟ್ಟೆ ಗಿರಣಿಗಳ ಮಾಲಿಕರು 1917ರಲ್ಲಿ ಕೂಲಿಯ ಮೇಲೆ ನೂರಕ್ಕೆ ಹತ್ತರಂತೆ ಯುದ್ಧದ ಬೋನಸ್ಸನ್ನು ಕೊಡತೊಡಗಿದರು. 1918ರ ಜನವರಿಯಿಂದ ಅದು ನೂರಕ್ಕೆ ಹದಿನೈದಾಯಿತು. ಆ ವರ್ಷ ಮಳೆ ಕೈಕೊಟ್ಟಿತು, ಇನ್‌ಫ್ಲುಯೆಂಜಾ ಜ್ವರ ಮನೆಮನೆಗೆ ಹೊಕ್ಕಿತು, ಧಾನ್ಯದ ಬೆಲೆ ಕೈಗೆ ಸಿಗದಂತಾಯಿತು. ಹದಿನೈದು ಸಾಲದೆಂದು 1919ರ ಜನವರಿಯಲ್ಲಿ ಲಕ್ಷಕ್ಕೂ ಮಿಕ್ಕಿದ ಗಿರಣಿ ಕೂಲಿಕಾರರು ಕೆಲಸ ನಿಲ್ಲಿಸಿದರು. ಅದರ ಫಲವಾಗಿ ಭತ್ತೆ ನೂರಕ್ಕೆ ಮೂವತ್ತೈದಕ್ಕೆ ಏರಿತು. ನಾವು ಈಗ ತುಟ್ಟಿಭತ್ತೆ ಎಂದು ಕರೆಯುವ ವಸ್ತುವಿನ ಹುಟ್ಟು ಹೀಗಾಯಿತು. ಮೊದಮೊದಲು ಅದು ಮಾಲಿಕನ ಔದಾರ್ಯವೆಂದೇ ತೋರಿತು. ಕೂಲಿಕಾರರು ಬೀದಿಗಿಳಿದ ಮೇಲೆ ಅದು ಹಕ್ಕಿನ ರೂಪವನ್ನು ತಳೆಯಿತು.

ಹಕ್ಕು ಎಂದ ಮೇಲೆ ಲೆಕ್ಕ ಬೇಕಾಯಿತು. ಬೆಲೆ ಎಷ್ಟು ಏರಿದೆ ಎಂಬುದನ್ನು ಹೇಳುವವರಾರು? ಮುಂಬಯಿ ಸರಕಾರವು 1921ರಲ್ಲಿ ಲೇಬರ್ ಆಫೀಸನ್ನು ತೆರೆದು, 1914ರ ಜುಲೈ ತಿಂಗಳ ಬೆಲೆಯನ್ನು ನೂರೆಂದು ಹಿಡಿದು, ಕಾರ್ಮಿಕರ ಜೀವನವೆಚ್ಚದ ಸೂಚ್ಯಂಕವನ್ನು ತಿಂಗಳು ತಿಂಗಳೂ ಪ್ರಕಟಿಸತೊಡಗಿತು. ಕೂಲಿಕಾರರ ಮನೆಮನೆಗೆ ಹೋಗಿ ಖರ್ಚಿನ ವಿವರ ಬರೆದುಕೊಳ್ಳುವ ಕೆಲಸವೂ ನಡೆಯಿತು. ಫಿಂಡ್ಲೆ ಶಿರ್ರಾಸ್ ಎಂಬ ಅಧಿಕಾರಿಯ ಮೇಲ್ವಿಚಾರಣೆಯಲ್ಲಿ 1921-22ರಲ್ಲಿ ನಡೆದ ಈ ವಿಚಾರಣೆಯ ವರದಿ 1923ರಲ್ಲಿ ಹೊರಬಂದಿತು. ಮುಂದೆ 1932-33ರಲ್ಲಿ ಮತ್ತೊಮ್ಮೆ ಇಂಥದೇ ವಿಚಾರಣೆ ನಡೆದು ಸೂಚ್ಯಂಕದ ಬುನಾದಿಯೂ ಹೊಸದಾಯಿತು. ಬಡವನ ಅಡಿಗೆಮನೆಯ ಡಬ್ಬಿಗಳನ್ನು ಸರಕಾರ ಎಣಿಸಿ ನೋಡಿದ ಆ ಕೆಲಸವನ್ನು ನಾವು ಸಣ್ಣದೆಂದು ಭಾವಿಸಬಾರದು. ಅಂದು ಎಣಿಸಿದುದರಿಂದಲೇ ಮುಂದೆ ಕೇಳಲು ಆಧಾರ ಸಿಕ್ಕಿತು.

ಎರಡನೆಯ ಮಹಾಯುದ್ಧ ಶುರುವಾಗುತ್ತಲೇ ಬೆಲೆಗಳು ಮತ್ತೆ ಏರಿದುವು. 1940ರ ಮಾರ್ಚಿಯಲ್ಲಿ ತುಟ್ಟಿಭತ್ತೆಗಾಗಿ ಮುಂಬಯಿಯ ಗಿರಣಿಗಳು ಮತ್ತೆ ಸ್ತಬ್ಧವಾದುವು. ಯುದ್ಧ ಮುಗಿಯುವ ಹೊತ್ತಿಗೆ ಭತ್ತೆಯು ಸೂಚ್ಯಂಕಕ್ಕೆ ಗಂಟುಬಿದ್ದಿತ್ತು. ಅಂಕ ಏರಿದರೆ ಭತ್ತೆ ಏರಬೇಕು. 1947ರಲ್ಲಿ ಕೈಗಾರಿಕಾ ನ್ಯಾಯಾಲಯವು ಗಿರಣಿ ಕೂಲಿಕಾರನ ಕನಿಷ್ಠ ಮೂಲವೇತನವನ್ನು ತಿಂಗಳಿಗೆ 30 ರೂಪಾಯಿಯೆಂದು ಗೊತ್ತುಮಾಡಿತು. ಭತ್ತೆ ಅದರ ಮೇಲೆ. ಅದೇ ವರ್ಷ ಬಂದ ಮೊದಲನೆಯ ಕೇಂದ್ರ ವೇತನ ಆಯೋಗವು ಸರಕಾರಿ ನೌಕರರಿಗೂ ತುಟ್ಟಿಭತ್ತೆಯನ್ನು ಕ್ರಮಪಡಿಸಿತು. ರೇಲ್ವೆಯಲ್ಲಿ, ಅಂಚೆ-ತಂತಿಯಲ್ಲಿ ಗುಮಾಸ್ತರಾಗಿದ್ದ ನಮ್ಮವರು ತಿಂಗಳ ಕೊನೆಗೆ ಉಸಿರಾಡುವಂತಾದುದು ಇದರಿಂದ.

ಆದರೆ ಲೆಕ್ಕವೆಂದರೆ ತಗಾದೆಯೂ ಉಂಟು. ಅಂಗಡಿಯಲ್ಲಿ ನಾವು ಕೊಡುವ ಬೆಲೆ ಒಂದು, ಸೂಚ್ಯಂಕದಲ್ಲಿ ಕಾಣಿಸುವ ಬೆಲೆ ಇನ್ನೊಂದು ಎಂದು ಕಾರ್ಮಿಕರು ದೂರಿದರು. 1963ರಲ್ಲಿ ಈ ಕೂಗು ಬಲವಾಗಿ, ಮಹಾರಾಷ್ಟ್ರ ಸರಕಾರವು ಅರ್ಥಶಾಸ್ತ್ರಜ್ಞ ಪ್ರೊ. ಡಿ. ಟಿ. ಲಕಡಾವಾಲಾ ಅವರ ನೇತೃತ್ವದಲ್ಲಿ ಒಂದು ಸಮಿತಿಯನ್ನು ನೇಮಿಸಿತು. ಹಳೆಯ ಸೂಚ್ಯಂಕವನ್ನು ಹೊಸದಕ್ಕೆ ಜೋಡಿಸುವ ಲೆಕ್ಕದಲ್ಲಿ ಕಾರ್ಮಿಕನಿಗೆ ಕಡಿಮೆ ಬಿದ್ದಿದೆಯೆಂದು ಸಮಿತಿ ಕಂಡು ಅದನ್ನು ತಿದ್ದಿತು. ಓದುಬರಹ ಬಾರದ ಕೂಲಿಕಾರನೂ ದಶಾಂಶದ ತಪ್ಪನ್ನು ಹಿಡಿದು ವಾದಿಸಿದ ದಿನಗಳು ಅವು. ಇಷ್ಟಾದರೂ ಕೊಟ್ಟ ಕೈ ಒಮ್ಮೆ ಹಿಂದಕ್ಕೂ ಸರಿಯಿತೆಂಬುದನ್ನು ಮರೆಯಲಾಗದು. ಬೆಲೆಗಳು ವರ್ಷದಲ್ಲಿ ನೂರಕ್ಕೆ ಇಪ್ಪತ್ತೈದರ ಆಸುಪಾಸು ಏರಿದ 1974ರಲ್ಲಿ ಕೇಂದ್ರ ಸರಕಾರವು ಹೆಚ್ಚುವರಿ ತುಟ್ಟಿಭತ್ತೆಯ ಅರ್ಧವನ್ನು ಕಡ್ಡಾಯ ಠೇವಣಿಯಾಗಿ ಹಿಡಿದಿಟ್ಟಿತು. ಕೈಯಲ್ಲಿ ಹಣ ಹೆಚ್ಚಾದರೆ ಬೆಲೆ ಇನ್ನೂ ಏರುತ್ತದೆಂಬುದು ಸರಕಾರದ ವಾದ. ಆ ವಾದ ಪುಸ್ತಕದಲ್ಲಿ ಸರಿಯಿರಬಹುದು. ಶಾಲೆಯ ಫೀ ತುಂಬಬೇಕಾದ ತಂದೆಗೆ ಅದು ಹೇಗೆ ಕಂಡಿತೆಂಬುದನ್ನು ನಾವು ಊಹಿಸಬಲ್ಲೆವು.

ಇನ್ನೊಂದು ಮಾತನ್ನು ಇಲ್ಲಿಯೇ ಹೇಳಬೇಕು. ಭತ್ತೆ ದೊರೆತದ್ದು ಗಿರಣಿ, ಬ್ಯಾಂಕು, ಸರಕಾರಿ ಕಚೇರಿಗಳ ಹಾಜರಿ ಪುಸ್ತಕದಲ್ಲಿ ಹೆಸರಿದ್ದವರಿಗೆ. ಮುಂಬಯಿಯ ಹೊಟೇಲುಗಳಲ್ಲಿ ಕಪ್ಪುಬಸಿ ತೊಳೆಯುತ್ತ, ರಾತ್ರಿಶಾಲೆಯಲ್ಲಿ ಅಕ್ಷರ ಕಲಿಯುತ್ತ ಬೆಳೆದ ನಮ್ಮ ಹುಡುಗರಿಗೆ ಯಾವ ಸೂಚ್ಯಂಕವೂ ಅನ್ವಯಿಸಲಿಲ್ಲ. ಅವರಿಗೆ ಎರಡು ಹೊತ್ತಿನ ಊಟ ಹೊಟೇಲಿನಲ್ಲೇ ಇತ್ತೆನ್ನಿ. ಊರಿನಲ್ಲಿದ್ದ ತಾಯಿಗೆ ಕಳಿಸುವ ಹಣ ಮಾತ್ರ ತುಟ್ಟಿಯ ಜತೆಗೆ ಬೆಳೆಯಲಿಲ್ಲ. 1982ರ ಜನವರಿ 18ರಂದು ಆರಂಭವಾದ ಗಿರಣಿ ಮುಷ್ಕರದ ತರುವಾಯ ಒಂದೊಂದೇ ಗಿರಣಿ ಬಾಗಿಲು ಹಾಕಿದಾಗ, ಭತ್ತೆಯ ಆಸರೆಯಲ್ಲಿದ್ದ ಸಾವಿರಾರು ಮನೆಗಳೂ ಈ ಹೊರಗಿನವರ ಸಾಲಿಗೆ ಬಂದು ನಿಂತುವು.

ಪಡಿಯ ಕಥೆ

ಸಂಬಳದ ಜತೆಗೆ ಹಣ ಕೊಡುವುದು ಒಂದು ದಾರಿ. ಧಾನ್ಯವನ್ನೇ ಗೊತ್ತಾದ ಬೆಲೆಗೆ ಅಳೆದು ಕೊಡುವುದು ಇನ್ನೊಂದು. ಈ ಎರಡನೆಯ ದಾರಿಯನ್ನು ಭಾರತದಲ್ಲಿ ಮೊದಲು ತುಳಿದ ನಗರ ನಮ್ಮ ಮುಂಬಯಿಯೇ. 1942ರಲ್ಲಿ ಬರ್ಮಾ ದೇಶವು ಜಪಾನೀಯರ ವಶವಾಯಿತು. ಅಲ್ಲಿಂದ ವರ್ಷಕ್ಕೆ ಸುಮಾರು 15 ಲಕ್ಷ ಟನ್ ಅಕ್ಕಿ ಬರುತ್ತಿದ್ದುದು ನಿಂತುಹೋಯಿತು. ಅಕ್ಕಿಯನ್ನೇ ನಂಬಿದ್ದ ಕರಾವಳಿಯವರಿಗೆ ಇದರ ಪೆಟ್ಟು ಕೂಡಲೇ ತಗುಲಿತು. 1943ರ ಮೇ 2ರಂದು ಮುಂಬಯಿಯಲ್ಲಿ ರೇಶನಿಂಗ್ ಜಾರಿಗೆ ಬಂದಿತು. ಮನೆಯಲ್ಲಿ ಎಷ್ಟು ತಲೆ, ಎಷ್ಟು ಮಕ್ಕಳು ಎಂದು ಎಣಿಸಿ ಕಾರ್ಡು ಕೊಟ್ಟು, ಗೊತ್ತಾದ ಅಂಗಡಿಯಲ್ಲಿ ಗೊತ್ತಾದ ಅಳತೆಯ ಧಾನ್ಯವನ್ನು ಗೊತ್ತಾದ ಬೆಲೆಗೆ ಕೊಡುವ ವ್ಯವಸ್ಥೆ ಇದು. ಅದೇ ವರ್ಷ ಕೂಡಿದ ಆಹಾರಧಾನ್ಯ ನೀತಿ ಸಮಿತಿಯು ಲಕ್ಷಕ್ಕೆ ಮೀರಿ ಜನವಿರುವ ಎಲ್ಲ ನಗರಗಳಿಗೂ ಪಡಿತರ ಬೇಕೆಂದೂ, ದೊಡ್ಡವರಿಗೆ ದಿನಕ್ಕೆ ಒಂದು ಪೌಂಡು ಧಾನ್ಯವಾದರೂ ಸಿಗಬೇಕೆಂದೂ ಶಿಫಾರಸು ಮಾಡಿತು.

ಇದರ ಬೆಲೆ ಏನೆಂಬುದು ಪೂರ್ವದ ಕಡೆಗೆ ನೋಡಿದರೆ ತಿಳಿಯುತ್ತದೆ. ಅದೇ 1943ರಲ್ಲಿ ಬಂಗಾಲದಲ್ಲಿ ಘೋರ ಕ್ಷಾಮ ಕವಿಯಿತು. ಸತ್ತವರು 15 ಲಕ್ಷವೆಂದು ಸರಕಾರದ ವಿಚಾರಣಾ ಆಯೋಗವೇ ಅಂದಾಜು ಮಾಡಿತು. ಇನ್ನೂ ಬಹಳ ಹೆಚ್ಚೆಂದು ಆಮೇಲಿನ ವಿದ್ವಾಂಸರು ಹೇಳುತ್ತಾರೆ. ಕಲಕತ್ತೆಗೆ ಪಡಿತರ ಬಂದದ್ದು 1944ರ ಜನವರಿಯ ಕೊನೆಗೆ. ನಮ್ಮ ಕಡೆಯೂ ಸುಭಿಕ್ಷವೇನಿರಲಿಲ್ಲ. ವಿಜಾಪುರ ಜಿಲ್ಲೆಯಲ್ಲಿ 1942-43ರಲ್ಲಿ ಬರಗಾಲ ಬಿದ್ದಿತು. ಆದರೆ ಕಾಲದಲ್ಲಿ ಪರಿಹಾರದ ಕಾಮಗಾರಿ ತೆರೆದು, ಧಾನ್ಯವನ್ನು ತಲುಪಿಸಿದ್ದರಿಂದ ಬಂಗಾಲದ ಗತಿ ಅಲ್ಲಿಗೆ ಬರಲಿಲ್ಲ.

ಇಲ್ಲಿ ವಾಚಕರು ಒಂದು ಸಂಗತಿಯನ್ನು ನೆನಪಿಡಬೇಕು. ಆಗ ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರ ಜಿಲ್ಲೆಗಳು ಮುಂಬಯಿ ಪ್ರಾಂತದಲ್ಲಿಯೇ ಇದ್ದುವು. ಅವು ಕನ್ನಡ ರಾಜ್ಯದೊಳಕ್ಕೆ ಬಂದುದು 1956ರ ನವೆಂಬರ 1ರಂದು. ನಗರಕ್ಕೆ ಪಡಿ ಅಳೆಯಬೇಕಾದರೆ ಹಳ್ಳಿಯಿಂದ ಧಾನ್ಯ ಬರಬೇಕಷ್ಟೆ. ಅದಕ್ಕಾಗಿ ಸರಕಾರವು ರೈತನ ಬೆಳೆಯ ಮೇಲೆ ಲೇವಿಯನ್ನು ಹಾಕಿತು. ಇಷ್ಟು ಚೀಲ ಜೋಳವನ್ನು ನಿಗದಿಯಾದ ಬೆಲೆಗೆ ಸರಕಾರಕ್ಕೆ ಅಳೆಯಲೇಬೇಕು. ಹೀಗಾಗಿ ಎಷ್ಟೋ ಮನೆಗಳಲ್ಲಿ ಅಣ್ಣ ಊರಿನಲ್ಲಿ ಲೇವಿ ಅಳೆಯುತ್ತಿದ್ದ, ತಮ್ಮ ಮುಂಬಯಿಯ ಸರದಿಯಲ್ಲಿ ನಿಂತು ಪಡಿ ತರುತ್ತಿದ್ದ. ಒಬ್ಬನಿಗೆ ಸರಕಾರ ಕಸಿದುಕೊಳ್ಳುವ ಕೈ, ಇನ್ನೊಬ್ಬನಿಗೆ ಕೊಡುವ ಕೈ. ಊರಿಗೆ ಹೋದಾಗ ಜಗಲಿಯ ಮೇಲೆ ಈ ಎರಡು ಮಾತೂ ಎದುರುಬದುರಾಗುತ್ತಿದ್ದುವು. ನಗರದವನ ಅಗ್ಗದ ಅನ್ನಕ್ಕೆ ಹಳ್ಳಿಯವನು ತೆತ್ತ ಪಾಲೆಷ್ಟು ಎಂಬುದನ್ನು ನಮ್ಮಷ್ಟು ಹತ್ತಿರದಿಂದ ಬಲ್ಲವರು ಕಡಿಮೆ.

1946ರಲ್ಲಿ ದಾಸ್ತಾನು ಕುಗ್ಗಿದಾಗ ಒಂದು ಪೌಂಡಿನ ಪಡಿ ಹನ್ನೆರಡು ಔನ್ಸಿಗೆ, ಎಂದರೆ ಈಗಿನ ಲೆಕ್ಕದಲ್ಲಿ ಸುಮಾರು 340 ಗ್ರಾಮಿಗೆ ಇಳಿಯಿತು. ನಿರ್ಬಂಧಗಳಿಂದ ಕಾಳಸಂತೆಯೂ ಲಂಚವೂ ಬೆಳೆಯುತ್ತವೆ, ಇವನ್ನು ತೆಗೆಯಿರಿ ಎಂದು ಗಾಂಧೀಜಿ ಒತ್ತಿ ಹೇಳಿದರು. 1947ರ ಡಿಸೆಂಬರಿನಲ್ಲಿ ಸರಕಾರ ನಿರ್ಬಂಧಗಳನ್ನು ಸಡಿಲಿಸಿತು. ಬೆಲೆಗಳು ನೆಗೆದುವು, 1948ರಲ್ಲಿಯೇ ನಿರ್ಬಂಧಗಳು ಮರಳಿ ಬಂದುವು. ಕೊನೆಗೆ ಒಳ್ಳೆಯ ಬೆಳೆಗಳ ಧೈರ್ಯದ ಮೇಲೆ ರಫಿ ಅಹಮದ್ ಕಿದ್ವಾಯಿ ಅವರು ಆಹಾರ ಮಂತ್ರಿಗಳಾಗಿದ್ದಾಗ 1954ರಲ್ಲಿ ಪಡಿತರ ಬಹುಮಟ್ಟಿಗೆ ಎದ್ದುಹೋಯಿತು. ಕಾರ್ಡಿಲ್ಲದೆ ಅಕ್ಕಿ ಕೊಂಡ ಆ ದಿನಗಳು ಹೆಚ್ಚು ಕಾಲ ಉಳಿಯಲಿಲ್ಲ. ಬೆಲೆಗಳು ಮತ್ತೆ ಏರಿದುವು. ನ್ಯಾಯಬೆಲೆ ಅಂಗಡಿಗಳು ತೆರೆದುವು. 1956ರ ಆಗಸ್ಟಿನಲ್ಲಿ ಅಮೆರಿಕದೊಡನೆ ಆದ ಪಿ. ಎಲ್. 480 ಒಪ್ಪಂದದಂತೆ ಗೋಧಿಯ ಹಡಗುಗಳು ಬಂದರಿಗೆ ಬರತೊಡಗಿದುವು. 1965-66ರ ಬರಗಾಲದ ಹೊತ್ತಿಗೆ ಈ ಅವಲಂಬನ ಎಷ್ಟಾಯಿತೆಂದರೆ 1966 ಒಂದೇ ವರ್ಷದಲ್ಲಿ ಒಂದು ಕೋಟಿ ಟನ್ನಿಗೂ ಮಿಕ್ಕಿ ಧಾನ್ಯ ಹೊರಗಿನಿಂದ ಬಂದಿತು. ವಾರಕ್ಕೊಂದು ಹೊತ್ತು ಊಟ ಬಿಡಿರೆಂದು ಲಾಲ್ ಬಹಾದುರ ಶಾಸ್ತ್ರಿಯವರು ದೇಶಕ್ಕೆ ಕರೆಯಿತ್ತುದು 1965ರಲ್ಲಿ. ಅದೇ ವರ್ಷ ಭಾರತೀಯ ಆಹಾರ ನಿಗಮವೂ, ಬೆಳೆಗಾರನಿಗೆ ಕೊಡಬೇಕಾದ ಬೆಲೆಯನ್ನು ಸೂಚಿಸುವ ಆಯೋಗವೂ ಸ್ಥಾಪನೆಯಾದುವು. ರೈತನಿಂದ ಖಾತರಿ ಬೆಲೆಗೆ ಕೊಂಡು, ನಗರದವನಿಗೆ ಕಡಿಮೆ ಬೆಲೆಗೆ ಕೊಟ್ಟು, ನಡುವಿನ ನಷ್ಟವನ್ನು ಬೊಕ್ಕಸದಿಂದ ತುಂಬುವ ಕ್ರಮ ಇಲ್ಲಿಂದ ನೆಲೆಗೊಂಡಿತು. ಲೇವಿ ಅಳೆದ ಅಣ್ಣನ ದೂರಿಗೆ ಅಷ್ಟರಮಟ್ಟಿಗೆ ಉತ್ತರ ಸಿಕ್ಕಿತೆನ್ನಬಹುದು.

ಪಡಿತರವು ನಮ್ಮ ನಾಲಗೆಯನ್ನೂ ಬದಲಿಸಿತು. ದಕ್ಷಿಣ ಕನ್ನಡದವರಿಗೆ ಕುಚ್ಚಲಕ್ಕಿಯ ಗಂಜಿ, ಉತ್ತರ ಕರ್ನಾಟಕದವರಿಗೆ ಬಿಳಿಜೋಳದ ರೊಟ್ಟಿ, ಮೈಸೂರಿನ ಕಡೆಯವರಿಗೆ ರಾಗಿಮುದ್ದೆ. ಅಂಗಡಿಯವನ ತಕ್ಕಡಿಗೆ ಈ ಭೇದ ಗೊತ್ತಿಲ್ಲ. ಸಿಕ್ಕಿದ್ದು ಗೋಧಿ, ಆದ್ದರಿಂದ ಮೂರೂ ಮನೆಗಳಲ್ಲಿ ಚಪಾತಿ ಬೆಂದಿತು. 1972ರ ಬರಗಾಲದಲ್ಲಿ ಹೊರದೇಶದಿಂದ ಬಂದ ಕೆಂಪು ಮೈಲೋ ಜೋಳವನ್ನು ಕಂಡು ನಮ್ಮ ತಾಯಂದಿರು ಮೂಗು ಮುರಿದರು. ಆದರೂ ತಟ್ಟಿದರು, ಸುಟ್ಟರು, ಮಕ್ಕಳಿಗೆ ಬಡಿಸಿದರು. ಹಬ್ಬ ಬಂದರೆ ಸಕ್ಕರೆಗೂ ಪಾಮೋಲಿನ್ ಎಣ್ಣೆಗೂ ಸೀಮೆಎಣ್ಣೆಗೂ ಸರದಿ. ಆ ಸರದಿಯಲ್ಲಿಯೇ ನಮ್ಮ ಹೆಂಗಸರು ಮರಾಠಿ ಕಲಿತರು, ನೆರೆಯವರ ಪರಿಚಯ ಮಾಡಿಕೊಂಡರು.

ಸರದಿಯಲ್ಲಿ ನಿಂತ ಹೆಂಗಸರೇ ಒಂದು ದಿನ ಮೆರವಣಿಗೆಯಲ್ಲಿಯೂ ನಿಂತರು. 1972ರಲ್ಲಿ ಮೃಣಾಲ್ ಗೋರೆ, ಅಹಿಲ್ಯಾ ರಾಂಗಣೇಕರ್ ಮೊದಲಾದವರ ಮುಂದಾಳುತನದಲ್ಲಿ ಬೆಲೆಯೇರಿಕೆಯ ವಿರುದ್ಧ ಮಹಿಳೆಯರ ಸಮಿತಿ ಹುಟ್ಟಿತು. ಲಟ್ಟಣಿಗೆಗಳನ್ನೂ ತಟ್ಟೆಗಳನ್ನೂ ಹಿಡಿದು ಸಾವಿರಾರು ಗೃಹಿಣಿಯರು ಬೀದಿಗಿಳಿದುದನ್ನು ಮುಂಬಯಿ ಆಗ ಕಂಡಿತು. ಗಿರಣಿಯ ಗಂಡಸರು ಭತ್ತೆಗಾಗಿ ಕಾದಿದ್ದರೆ, ಈ ಹೆಂಗಸರು ಪಡಿಗಾಗಿ ಕಾದಿದರು. ಸರಕಾರದ ಆಸರೆಯೆಂಬುದು ತಾನಾಗಿ ಮೇಲಿನಿಂದ ಸುರಿದುದು ಕಡಿಮೆ. ಕೆಳಗಿನಿಂದ ಕೂಗಿದ ಮೇಲೆ ಬಂದುದೇ ಹೆಚ್ಚು.

ತಲೆಯ ಮೇಲಿನ ಸೂರು

ಅನ್ನದ ಮಾತಾಯಿತು, ಇನ್ನು ಬಾಡಿಗೆಯ ಮಾತು. ಮುಂಬಯಿಯಲ್ಲಿ ಹೊಟ್ಟೆಗಿಂತಲೂ ತಲೆ ಚಾಚುವ ಜಾಗಕ್ಕೇ ಕಷ್ಟ ಹೆಚ್ಚೆಂದು ಬಂದವರೆಲ್ಲ ಬಲ್ಲರು. 1918ರಲ್ಲಿಯೇ ಇಲ್ಲಿ ಬಾಡಿಗೆಯನ್ನು ತಡೆಹಿಡಿಯುವ ಕಾಯಿದೆ ಬಂದಿತು. 1920ರ ದಶಕದಲ್ಲಿ ಸರಕಾರದ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟು ವರಳಿ, ನಾಯಗಾಂವ್, ಡಿಲೈಲ್ ರೋಡ್, ಶಿವಡಿಗಳಲ್ಲಿ 207 ಚಾಳುಗಳನ್ನು ಕಟ್ಟಿತು. ಒಂದೊಂದು ಖೋಲಿ ಸುಮಾರು 160 ಚದರಡಿ. ಅಷ್ಟರಲ್ಲಿಯೇ ಸಂಸಾರ, ಊರಿನಿಂದ ಬಂದ ನೆಂಟರು, ಬಾಣಂತನ, ಮದುವೆಯ ಮಾತುಕತೆ ಎಲ್ಲವೂ ನಡೆದುವು.

1947ರ ಬಾಡಿಗೆ ನಿಯಂತ್ರಣ ಕಾಯಿದೆಯು 1940ರ ಸೆಪ್ಟೆಂಬರದಲ್ಲಿದ್ದ ಬಾಡಿಗೆಯನ್ನೇ ಪ್ರಮಾಣವೆಂದು ಹಿಡಿದು, ಅದಕ್ಕಿಂತ ಹೆಚ್ಚು ಕೇಳಬಾರದೆಂದೂ ಸುಮ್ಮಸುಮ್ಮನೆ ಬಾಡಿಗೆದಾರನನ್ನು ಹೊರಹಾಕಬಾರದೆಂದೂ ವಿಧಿಸಿತು. ಕೆಲವು ವರ್ಷಗಳ ಮಟ್ಟಿಗೆಂದು ಮಾಡಿದ ಈ ಕಾಯಿದೆ, ಅವಧಿ ವಿಸ್ತರಿಸುತ್ತ ವಿಸ್ತರಿಸುತ್ತ ಅರ್ಧ ಶತಮಾನ ಬಾಳಿತು. ಇದರಿಂದ ಆದ ಉಪಕಾರ ದೊಡ್ಡದು. ಸಂಬಳ ಏರಿದರೂ ಬಾಡಿಗೆ ಏರದೆ ಉಳಿದ ಮನೆಗಳಲ್ಲಿ ಮಕ್ಕಳು ಓದಿದರು. ಗುಮಾಸ್ತನ ಮಗ ಇಂಜಿನಿಯರನಾದ. ಆದರೆ ಇದಕ್ಕೆ ಇನ್ನೊಂದು ಮುಖವೂ ಇತ್ತು. ಹತ್ತಿಪ್ಪತ್ತು ರೂಪಾಯಿ ಬಾಡಿಗೆ ಬರುವ ಕಟ್ಟಡಕ್ಕೆ ಮಾಲಿಕ ಸುಣ್ಣವನ್ನೂ ಬಳಿಸಲಿಲ್ಲ. ಗೋಡೆಗಳು ಬಿರಿದುವು, ಕೆಲವು ಕಟ್ಟಡಗಳು ಕುಸಿದುವು. 1969ರಲ್ಲಿ ದುರಸ್ತಿಗೆಂದೇ ಬೇರೆ ಮಂಡಲಿಯನ್ನು ಮಾಡಬೇಕಾಯಿತು. ಮೊದಲೇ ಬಂದವನಿಗೆ ಖೋಲಿ ಅಗ್ಗವಾಯಿತು. ತಡವಾಗಿ ಬಂದವನು ಬಾಡಿಗೆಯ ಮೇಲೆ ಪಗಡಿ ತೆರಬೇಕಾಯಿತು. ಪಗಡಿಗೆ ಹಣವಿಲ್ಲದವನು ಝೋಪಡಿ ಹುಡುಕಿದ. ಬೆಲೆ ಏರದ ಬಾಡಿಗೆ ನ್ಯಾಯಕ್ಕೆ ಸಲ್ಲದೆಂದು ಸರ್ವೋಚ್ಚ ನ್ಯಾಯಾಲಯವು 1997ರ ಡಿಸೆಂಬರಿನಲ್ಲಿ ಹೇಳಿತು. ಮಹಾರಾಷ್ಟ್ರದ 1999ರ ಹೊಸ ಕಾಯಿದೆ 2000ದ ಮಾರ್ಚಿ 31ರಿಂದ ಜಾರಿಗೆ ಬಂದು, ವರ್ಷಕ್ಕೆ ನೂರಕ್ಕೆ ನಾಲ್ಕರಂತೆ ಬಾಡಿಗೆ ಏರಿಸಲು ಅವಕಾಶ ಕೊಟ್ಟಿತು.

ಒಂದೇ ಊರಿನಿಂದ ಒಂದೇ ಬಸ್ಸಿನಲ್ಲಿ ಬಂದ ಇಬ್ಬರಲ್ಲಿ ಒಬ್ಬನು ಕಾಯಿದೆಯ ನೆರಳಿನಲ್ಲಿ, ಇನ್ನೊಬ್ಬನು ತಗಡಿನ ಮಾಡಿನ ಕೆಳಗೆ. ಕೊಟ್ಟ ಆಸರೆ ಒಳಗಿದ್ದವನಿಗೆ ಗೋಡೆಯಾಗಿ ಕಾಪಾಡಿತು. ಹೊರಗಿದ್ದವನಿಗೂ ಅದು ಗೋಡೆಯೇ ಆಯಿತು. ಈ ಪಾಠವನ್ನು ನಾವು ಮರೆಯಬಾರದು.

ಕಾಗದದ ಮಹಿಮೆ

ಇಲ್ಲಿ ರೇಶನ್ ಕಾರ್ಡು ಮತ್ತೆ ಕಥೆಯೊಳಕ್ಕೆ ಬರುತ್ತದೆ. ಧಾನ್ಯಕ್ಕಾಗಿ ಮಾಡಿದ ಕಾರ್ಡು ಕಾಲಕ್ರಮದಲ್ಲಿ ಈ ನಗರದಲ್ಲಿ ನಾವಿದ್ದೇವೆ ಎಂಬುದಕ್ಕೆ ಸಾಕ್ಷಿಪತ್ರವಾಯಿತು. ಮಕ್ಕಳನ್ನು ಶಾಲೆಗೆ ಸೇರಿಸಲು, ಗ್ಯಾಸು ಪಡೆಯಲು, ಬ್ಯಾಂಕಿನಲ್ಲಿ ಖಾತೆ ತೆರೆಯಲು ಅದೇ ಬೇಕಾಯಿತು. ಝೋಪಡಿವಾಸಿಗಳಿಗೆ ಬದಲಿ ಮನೆ ಕೊಡುವ ಯೋಜನೆ ಬಂದಾಗ, 1995ರ ಜನವರಿ 1ಕ್ಕಿಂತ ಮೊದಲೇ ಇಲ್ಲಿದ್ದಿರೆಂಬುದಕ್ಕೆ ಪುರಾವೆ ಏನು ಎಂದು ಕೇಳಿದರು. ಮುಂದೆ ಆ ತಾರೀಖು 2000ದ ಜನವರಿ 1ಕ್ಕೆ ಸರಿಯಿತು. ಮತದಾರರ ಯಾದಿಯ ಜತೆಗೆ ಟ್ರಂಕಿನ ತಳದ ಆ ಹಳೆಯ ಕಾರ್ಡು ಎಷ್ಟೋ ಮನೆಗಳನ್ನು ಉಳಿಸಿತು. ಕಾರ್ಡು ಮಾಡಿಸದಿದ್ದವರು ಕೈ ಹಿಸುಕಿಕೊಂಡರು. ಅಡ್ರೆಸ್ಸಿಲ್ಲದೆ ಕಾರ್ಡಿಲ್ಲ, ಕಾರ್ಡಿಲ್ಲದೆ ಅಡ್ರೆಸ್ಸಿಲ್ಲ ಎಂಬ ಸುಳಿಯಲ್ಲಿ ಸಿಕ್ಕವರಲ್ಲಿ ಹೊಟೇಲಿನ ಮೆತ್ತಿನ ಮೇಲೆ ಮಲಗುತ್ತಿದ್ದ ನಮ್ಮ ಹುಡುಗರು ಕಡಿಮೆಯಿರಲಿಲ್ಲ.

1997ರ ಜೂನಿನವರೆಗೆ ಪಡಿತರವು ತಾತ್ತ್ವಿಕವಾಗಿ ಎಲ್ಲರದು. ಆಮೇಲೆ ಕೇಂದ್ರ ಸರಕಾರವು ಬಡತನದ ಗೆರೆಯನ್ನೆಳೆದು ಕೆಳಗಿನವರಿಗೆ ಒಂದು ಬೆಲೆ, ಮೇಲಿನವರಿಗೆ ಒಂದು ಬೆಲೆ ಮಾಡಿತು. ಮಹಾರಾಷ್ಟ್ರದಲ್ಲಿ 1999ರಿಂದ ಹಳದಿ, ಕೇಸರಿ, ಬಿಳಿ ಎಂದು ಮೂರು ಬಣ್ಣದ ಕಾರ್ಡುಗಳಾದುವು. ಬಡವರಲ್ಲಿ ಬಡವರಿಗೆಂದು 2000ದ ಡಿಸೆಂಬರಿನಲ್ಲಿ ಅಂತ್ಯೋದಯ ಯೋಜನೆ ಬಂದಿತು. ಕೊನೆಗೆ 2013ರಲ್ಲಿ ಆಹಾರ ಭದ್ರತೆಯ ಕಾಯಿದೆಯಾಗಿ, ಹಳ್ಳಿಗಳಲ್ಲಿ ನೂರಕ್ಕೆ 75ರವರೆಗೆ, ನಗರಗಳಲ್ಲಿ 50ರವರೆಗೆ ಜನರಿಗೆ ತಲೆಗೆ ತಿಂಗಳಿಗೆ 5 ಕಿಲೋ ಧಾನ್ಯವು ಕಾನೂನಿನ ಹಕ್ಕಾಯಿತು. ಅಕ್ಕಿಗೆ 3, ಗೋಧಿಗೆ 2, ಜೋಳ ಸಜ್ಜೆಗಳಿಗೆ 1 ರೂಪಾಯಿ ಇದ್ದ ಬೆಲೆಯೂ 2023ರ ಜನವರಿಯಿಂದ ಹೋಗಿ ಧಾನ್ಯ ಉಚಿತವಾಯಿತು. ಈ ಕಾಯಿದೆಯಲ್ಲಿ ಒಂದು ಸಣ್ಣ ಮಾತಿದೆ. ಮನೆಯ ಹಿರಿಯ ಹೆಂಗಸೇ ಕಾರ್ಡಿನ ಮಟ್ಟಿಗೆ ಕುಟುಂಬದ ಯಜಮಾನಿ. ಲಟ್ಟಣಿಗೆ ಹಿಡಿದು ನಡೆದವರಿಗೆ ಈ ಮಾತು ನಾಲ್ವತ್ತು ವರ್ಷ ತಡವಾಗಿ ಸಂದ ಗೌರವವೆಂದು ನಾವು ತಿಳಿಯುತ್ತೇವೆ.

ಎರಡೂರಿನ ನಂಟರು

ಈಚಿನ ವರ್ಷಗಳಲ್ಲಿ ರಾಜ್ಯ ಸರಕಾರಗಳೂ ಮುಂದೆ ಬಂದಿವೆ. ಕರ್ನಾಟಕದಲ್ಲಿ 2013ರ ಜುಲೈಯಲ್ಲಿ ಅನ್ನಭಾಗ್ಯ, 2017ರ ಆಗಸ್ಟಿನಲ್ಲಿ ಬೆಂಗಳೂರಿನ ಇಂದಿರಾ ಕ್ಯಾಂಟೀನು, 2023ರ ಆಗಸ್ಟಿನಲ್ಲಿ ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಕೊಡುವ ಗೃಹಲಕ್ಷ್ಮಿ ಆರಂಭವಾದುವು. ಮಹಾರಾಷ್ಟ್ರದಲ್ಲಿ 1995ರಲ್ಲಿ ಒಂದು ರೂಪಾಯಿಯ ಝುಣಕಾ ಭಾಕರಿ, 2020ರ ಜನವರಿಯಲ್ಲಿ ಹತ್ತು ರೂಪಾಯಿಯ ಶಿವಭೋಜನ, 2024ರ ಜುಲೈಯಲ್ಲಿ ಬಡ ಮಹಿಳೆಯರಿಗೆ ತಿಂಗಳಿಗೆ 1,500 ರೂಪಾಯಿಯ ಯೋಜನೆ ಬಂದುವು. ಭತ್ತೆಯಂತೆ ಹಣ, ಪಡಿಯಂತೆ ಧಾನ್ಯ. ಹಳೆಯ ಎರಡು ದಾರಿಗಳೇ ಹೊಸ ಹೆಸರಿನಿಂದ ಮರಳಿವೆ. ವ್ಯತ್ಯಾಸವೆಂದರೆ, ಗಿರಣಿಯ ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದವಳಿಗೂ ಹಣ ಅವಳ ಹೆಸರಿನ ಖಾತೆಗೇ ಬೀಳುತ್ತದೆ. ಇದನ್ನು ಪುಕ್ಕಟೆಯೆಂದು ಹಳಿಯುವವರುಂಟು. ಬೊಕ್ಕಸದ ಹಣವೆಂದರೆ ಯಾರೋ ದುಡಿದುದೇ. ಆದ್ದರಿಂದ ಲೆಕ್ಕ ಕೇಳುವುದು ತಪ್ಪಲ್ಲ. ಆದರೆ 1919ರ ಭತ್ತೆಯನ್ನೂ ಆಗಿನ ಕಾಲದಲ್ಲಿ ಹಾಗೆಯೇ ಹಳಿದವರಿದ್ದಿರಬೇಕು.

ನಮ್ಮ ಚಿಂತೆ ಬೇರೆ. ಎರಡೂರಿನ ನಂಟ ಉಣ್ಣದೆ ಕೆಟ್ಟ ಎಂಬಂತೆ, ಊರಿನವರು ನಮ್ಮನ್ನು ಮುಂಬಯಿಯವರೆನ್ನುತ್ತಾರೆ, ಇಲ್ಲಿಯವರು ಊರಿನವರೆನ್ನುತ್ತಾರೆ. 2020ರ ಮಹಾಮಾರಿಯಲ್ಲಿ ಹೊಟೇಲುಗಳು ಮುಚ್ಚಿದಾಗ ಇದರ ಬಿಸಿ ತಟ್ಟಿತು. ಉಚಿತ ಧಾನ್ಯ ಬಂದುದು ನಿಜ. ಆದರೆ ಎಷ್ಟೋ ಕಾರ್ಮಿಕರ ಹೆಸರು ಊರಿನ ಕಾರ್ಡಿನಲ್ಲಿ, ಹಸಿದ ಹೊಟ್ಟೆ ಮುಂಬಯಿಯಲ್ಲಿ. ಒಂದು ದೇಶ ಒಂದು ಪಡಿತರ ಚೀಟಿಯ ವ್ಯವಸ್ಥೆಯನ್ನು 2021ರ ಜುಲೈ ಕೊನೆಯೊಳಗೆ ಎಲ್ಲ ರಾಜ್ಯಗಳೂ ತರಬೇಕೆಂದು ಸರ್ವೋಚ್ಚ ನ್ಯಾಯಾಲಯ ಆಜ್ಞಾಪಿಸಿತು. 2022ರ ಹೊತ್ತಿಗೆ ಅದು ದೇಶದ ತುಂಬ ಜಾರಿಗೆ ಬಂದಿತು. ಊರಿನ ಕಾರ್ಡಿನ ಮೇಲೆ ಮುಂಬಯಿಯ ನ್ಯಾಯಬೆಲೆ ಅಂಗಡಿಯಲ್ಲಿ ಧಾನ್ಯ ಪಡೆಯಬಹುದು ಎಂಬ ಈ ಸಂಗತಿ ತಿಳಿಯದವರು ನಮ್ಮಲ್ಲಿ ಇನ್ನೂ ಇದ್ದಾರೆ. ಕೇಂದ್ರದ ಧಾನ್ಯಕ್ಕೆ ಮಾತ್ರ ಈ ಅನುಕೂಲವೆಂಬುದನ್ನೂ, ರಾಜ್ಯಗಳು ತಮ್ಮ ಕೈಯಿಂದ ಕೊಡುವುದು ಗಡಿ ದಾಟುವುದಿಲ್ಲವೆಂಬುದನ್ನೂ ತಿಳಿದಿರಬೇಕು.

2024ರಲ್ಲಿ ಮಹಾರಾಷ್ಟ್ರದ ಮಹಿಳಾ ಯೋಜನೆಗೆ ಅರ್ಜಿ ಹಾಕುವಾಗ ನಿವಾಸದ ಪ್ರಮಾಣಪತ್ರವಿಲ್ಲದವರು ಹದಿನೈದು ವರ್ಷ ಹಿಂದಿನ ರೇಶನ್ ಕಾರ್ಡನ್ನು ತೋರಿಸಬಹುದೆಂದು ನಿಯಮ ಸಡಿಲವಾಯಿತು. ಹಳದಿ, ಕೇಸರಿ ಕಾರ್ಡುಳ್ಳವರಿಗೆ ಆದಾಯದ ಪತ್ರವೂ ಬೇಡವೆಂದರು. ಅಂದು ಎಷ್ಟೋ ಮನೆಗಳಲ್ಲಿ ಟ್ರಂಕುಗಳು ತೆರೆದುವು. ಹಿರಿಯರು ಬೈದು ಬೈದು ಕಾಪಾಡಿದ ಕಾಗದವು ಸೊಸೆಯ ಕೈಗೆ ಬಂದಿತು.

ನಮ್ಮ ಸಂಘಗಳು ಈ ನಗರದಲ್ಲಿ ನಾಟಕವಾಡಿವೆ, ಯಕ್ಷಗಾನ ಕುಣಿಸಿವೆ, ರಾತ್ರಿಶಾಲೆ ನಡೆಸಿವೆ. ಇವುಗಳ ಜತೆಗೆ ತಿಂಗಳಿಗೊಂದು ಭಾನುವಾರ ಒಂದು ಮೇಜು, ಎರಡು ಕುರ್ಚಿ ಹಾಕಿ, ಹೊಸದಾಗಿ ಬಂದ ಹೊಟೇಲಿನ ಹುಡುಗನಿಗೂ ಮನೆಗೆಲಸದ ತಾಯಿಗೂ ಅರ್ಜಿ ತುಂಬಿಕೊಟ್ಟರೆ ಅದೂ ಕನ್ನಡದ ಸೇವೆಯೇ ಎಂದು ನಾವು ನಂಬುತ್ತೇವೆ. ಮರಾಠಿಯಲ್ಲಿ, ಇಂಗ್ಲಿಷಿನಲ್ಲಿ ಬರುವ ನಿಯಮವನ್ನು ಕನ್ನಡದಲ್ಲಿ ತಿಳಿಸಿ ಹೇಳುವವರು ಬೇಕಾಗಿದ್ದಾರೆ. 1943ರಲ್ಲಿ ಸರದಿಯಲ್ಲಿ ನಿಂತ ನಮ್ಮವರಿಗೆ ಪಕ್ಕದವರು ಯಾರೋ ಕಾರ್ಡು ಓದಿ ಹೇಳಿದ್ದಿರಬೇಕು. ಆ ಪಕ್ಕದವರಾಗುವ ಸರದಿ ಈಗ ನಮ್ಮದು.